ರೊಟ್ಟಿ ಬಡಿಯೋ ಸಪ್ಪಳ

ಸನತ್‌ನಗರ ಬಸ್‌ಸ್ಟಾಪಿನ್ಯಾಗ ಇರುವಿ ನಿಂದ್ರಾಕೂ ಜಾಗ ಇರಲಿಲ್ರಿ. ನನ್ನ ಮುಂದ ಅವ್ವ-ಮಗ ಜಗಳ ಹಚ್ಚಿದ್ರು. ಮಗನ ಕೊರಳಾಗ ಸಾಫ್ಟ್‌ವೇರ್ ಕಂಪನಿ ಕಾರ್ಡು.

“ಈ ವಯಸ್ಸಿನ್ಯಾಗ ಪಟಾನ್‌ಚೆರು ಮೆಸ್ಸಿಗೆ ಹೋಗಿ ಜ್ವಾಳದ ರೊಟ್ಟಿ ಬಡಿತೀಯೇನವ್ವ?”

“ನಿನ್ನ ಫ್ಲಾಟಿನ್ಯಾಗ ಬಡಿಯಾಕ ಬಿಟ್ಟಿ ಏನು?”

“ಸಪ್ಪಳಕ್ಕ ಕೆಳಗಿನ ಮನಿಯವ್ರು ಬೈತಾರ.”

“ಸುಮ್ಮನ ಕುಂತು ಕುಂತು ನನ್ನ ಕೈ ಜೋಮು ಹಿಡದಾವ. ಅಲ್ಲಿ ಫ್ಯಾಕ್ಟರಿ ಹುಡುಗರು ಬಡದಷ್ಟೂ ತಿಂತಾರಂತ.”

“ಮನಿಯಾಗ ನಿನಗೇನು ಕಮ್ಮಿ ಆಗೈತಿ?”

“ಸಪ್ಪಳ.”

ಬಸ್ ಬಂತು. ಅವ್ವ ಹತ್ತಿ ಕಿಟಕಿ ಬಾಜೂಕ ಕುಂತ್ಲು.

“ಹಂಗಾರ ನನಗ ರೊಟ್ಟಿ?”

“ಹಸಿವಾದ್ರ ಮೆಸ್ಸಿಗೆ ಬಾ!”

ಅಂದಾಕಿ ಕೈ ಹೊರಗ ಹಾಕಿ ಬಸ್ಸಿಗೆ ರೊಟ್ಟಿ ಬಡದಂಗ ದಪ್ ದಪ್ ಬಡದ್ಲು. ಚಾರ್‌ಮಿನಾರ್ ತನಕ ಕೇಳಿರಬೇಕು. ಕಂಡಕ್ಟರೇ ಬಡದ ಅಂತ ತಿಳದು ಡ್ರೈವರ್ ಬಸ್ ಬಿಟ್ಟೇ ಬಿಟ್ಟ.