ತಡೆದ ಕೈ

ಗಾವ್ ಮೇಡಂ ಅವರ ಮಗಳು ಯೂಶಿನ್, ಬಂಧುಗಳೇ, ಮನಶ್ಶಾಸ್ತ್ರ ವಿಭಾಗದ ಗೆಳೆಯರೇ, ಈ ಓಣಿಯ ಹಿರಿಯರೇ — ಎಲ್ಲರಿಗೂ ನಮಸ್ಕಾರ. ಇಂಥ ಚಳಿಯಲ್ಲಿ ಲಾನ್‌ಝೌ ಊರಿನ ಆ ತುದಿಯಿಂದಲೂ ಬಸ್ಸು ಹಿಡಿದು ಬಂದಿದ್ದೀರಿ. ನಾನು ಉದ್ದ ಎಳೆಯುವುದಿಲ್ಲ. ಇಂಥ ಶ್ರದ್ಧಾಂಜಲಿ ಸಭೆಗಳಲ್ಲಿ ಮಾತಾಡಿ ಮಾತಾಡಿ — ನಿಜ ಹೇಳಬೇಕೆಂದರೆ — ಸಾಕಾಗಿದೆ. ನಮ್ಮ ಕಾಲದವರಲ್ಲಿ ಮೈಕು ಹಿಡಿಯಲು ಉಳಿದಿರುವವನು ನಾನೊಬ್ಬ, ಅದಕ್ಕೇ ಕರೆಯುತ್ತಾರೆ.

ಮೇಡಂ ಜೀವನವಿಡೀ ಕೇಳಿದ್ದು ಒಂದೇ ಪ್ರಶ್ನೆ. ಮ್ಯಾಂಡರಿನ್ ಮಾತಾಡುವ ನಮ್ಮ ಜನ, ಮನಸ್ಸಿಗೆ ತಾಕುವ ಪದಗಳನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೆ? ಪರೀಕ್ಷೆ ಸುಲಭ. ಪರದೆಯ ಮೇಲೆ ಒಂದೊಂದೇ ಪದ — ಕುರ್ಚಿ, ಮದುವೆ, ಕೊಡೆ, ಸಾವು. ಆಮೇಲೆ ಚಹಾ. ಆಮೇಲೆ ಅವೇ ಪದಗಳು, ಹೊಸವನ್ನೂ ಬೆರೆಸಿ. ‘ನೋಡಿದ್ದೇನೆ’ ಎನ್ನಲು ಒಂದು ಗುಂಡಿ, ‘ನೋಡಿಲ್ಲ’ ಎನ್ನಲು ಇನ್ನೊಂದು. ಅಷ್ಟೇ.

ಒಮ್ಮೆ ಹೊಸವರ್ಷದ ಹಬ್ಬ ಹತ್ತಿರವಿದ್ದಾಗ ತಾಂಗ್ ಅಜ್ಜಿಯನ್ನು ಕೂರಿಸಿದ್ದೆವು. ನೋಡಿ, ಮುಂದಿನ ಸಾಲಿನಲ್ಲೇ ಇದ್ದಾರೆ. ಎಲ್ಲ ಸರಿಯಾಗಿ ಒತ್ತಿದರು. ‘ಸಾವು’ ಬಂತು — ‘ನೋಡಿಲ್ಲ’. ನಮ್ಮ ಸಹೋದ್ಯೋಗಿ ಷೆನ್, “ಅಜ್ಜಿಗೆ ಮರೆವು, ಲೆಕ್ಕಕ್ಕೆ ತಗೊಳ್ಳೋದು ಬೇಡ” ಎಂದರು.

ಅಜ್ಜಿ ಹೊರಡುವಾಗ ಬಾಗಿಲಲ್ಲೇ ಮೇಡಂ ಅವರನ್ನು ತರಾಟೆಗೆ ತೆಗೆದುಕೊಂಡರು. “ಹಬ್ಬದ ಹೊತ್ನಲ್ಲಿ ಅಂಥ ಪದ ತೋರಿಸ್ತೀಯಲ್ಲ, ಬುದ್ಧಿ ಇದೆಯೇನಮ್ಮ ನಿಂಗೆ? ಅದನ್ನ ನೋಡಿದೀನಿ ಅಂತ ನನ್ ಕೈಲಿ ಬೇರೆ ಹೇಳಿಸ್ಬೇಕಾ? ಥೂ, ಥೂ. ಮೊದ್ಲು ಬಿಡ್ತು ಅನ್ನು.”

“ಬಿಡ್ತು ಅಜ್ಜಿ” ಎಂದರು ಮೇಡಂ. ಆಮೇಲೆ ಷೆನ್ ಕಡೆ ತಿರುಗಿದರು. “ಉತ್ತರ ಒಂದನ್ನೇ ನೋಡ್ಬೇಡಪ್ಪ, ಕೈ ನೋಡು. ನಿಜವಾಗ್ಲೂ ನೋಡಿಲ್ದಿರೋ ಪದಕ್ಕೆ ಕೈ ಸೀದಾ ‘ನೋಡಿಲ್ಲ’ಕ್ಕೆ ಹೋಗತ್ತೆ. ಇಲ್ಲಿ —” ಹೀಗೆ, ಗಾಳಿಯಲ್ಲೇ ಕೈ ನಿಲ್ಲಿಸಿದರು — “ಇಲ್ಲಿ ತಡೀತು.”

ಯೂಶಿನ್, ಈಗ ನಿನ್ನ ವಿಷಯ. ಸಭೆಯಲ್ಲಿ ಹೇಳಲೇ ಎಂದು ಕೇಳಿದ್ದೆ, ನೀನು ತಲೆಯಾಡಿಸಿದೆ, ಅದಕ್ಕೆ ಹೇಳುತ್ತಿದ್ದೇನೆ. ಅಮ್ಮನಿಗೆ ಪಾರ್ಶ್ವವಾಯು ಬಡಿದ ಮೇಲೆ, ತೀರಿಹೋದ ನಿಮ್ಮಪ್ಪನ ಫೋಟೋವನ್ನು ನೀನು ಆಸ್ಪತ್ರೆಗೆ ಒಯ್ದೆ. ಇವರು ಯಾರು ಎಂದು ಕೇಳಿದೆ. ಅಮ್ಮ ‘ನೋಡಿಲ್ಲ’ ಎಂದರು. ಅಂದಿನಿಂದ ನೀನು ಸರಿಯಾಗಿ ಒಂದು ಬಟ್ಟಲು ನೂಡಲ್ಸ್ ತಿಂದವಳಲ್ಲ.

“ಅಮ್ಮ ಅಪ್ಪನ್ನೇ ಮರೆತುಬಿಟ್ರು ಅಂಕಲ್” ಎಂದು ಮೊನ್ನೆ ನೀನು ನನ್ನೆದುರು ಅತ್ತುಬಿಟ್ಟೆ.

“ತಕ್ಷಣ ಹೇಳಿದ್ರಾ?” ಎಂದು ನಾನು ಕೇಳಿದೆ.

“ಇಲ್ಲ. ತುಂಬ ಹೊತ್ತು ಕೈಯಲ್ಲೇ ಇಟ್ಕೊಂಡಿದ್ರು. ಹೆಬ್ಬೆರಳಲ್ಲಿ ಗಾಜು ಒರೆಸಿದ್ರು. ಆಮೇಲೆ ಬೋರಲು ಹಾಕಿ, ನೋಡಿಲ್ಲ ಅಂದ್ರು.”

ನೋಡಮ್ಮ — ಒಬ್ಬರನ್ನು ಹಿಡಿದುಕೊಂಡು ಏನನ್ನೂ ಸಾಬೀತು ಮಾಡಲಾಗದು. ನಮಗೆಲ್ಲ ಅದನ್ನು ಕಲಿಸಿದವರೇ ನಿನ್ನಮ್ಮ. ನನಗೂ ದಣಿವಾಗಿದೆ, ಸುಳ್ಳು ಸಮಾಧಾನ ಹೇಳುವ ತ್ರಾಣವಿಲ್ಲ. ಆದರೆ ಮರೆತವರು ಗಾಜು ಒರೆಸುವುದಿಲ್ಲ. ಕೈ ತಡೆದಿತ್ತು, ಯೂಶಿನ್.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ತಾಂಗ್ ಅಜ್ಜಿ, ನಿಮಗೆ ಮಂಡಿನೋವು, ನೀವು ಕೂತೇ ಇರಿ. ಮೌನಕ್ಕೆ ಮೊದಲು — ಒಂದು ಗಳಿಗೆ ತಡೆಯೋಣ. ಯೂಶಿನ್, ಆ ಫೋಟೋ ನಿನ್ನ ಚೀಲದಲ್ಲಿದೆ ಎಂದು ನನಗೆ ಗೊತ್ತು. ತಂದು ಇಲ್ಲಿ ಅಮ್ಮನ ಫೋಟೋ ಪಕ್ಕದಲ್ಲಿ ಇಡಮ್ಮ. ಬೋರಲು ಬೇಡ. ಮುಖ ನಮ್ಮ ಕಡೆಗಿರಲಿ.