ಹೊಲಕ್ಕೆ ಸುರಗಿ ಸುತ್ತಿದ ಹಾಡು

ಅಧ್ಯಕ್ಷಸ್ಥಾನವನ್ನು ಅಲಂಕರಿಸಿ ಆಗಲೇ ಒಮ್ಮೆ ಗಡಿಯಾರದ ಕಡೆ ನೋಡಿದ ಶ್ರೀಮತಿ ಕಮಲಾಬಾಯಿಯವರೇ, ಬೈಲಹೊಂಗಲದಿಂದ ಬಸ್ಸಿನ ಧೂಳು ಕುಡಿದು ಬಂದ ಮುಖ್ಯ ಅತಿಥಿಗಳಾದ ಪ್ರೊಫೆಸರ್ ನೀಲಕಂಠರಾಯರೇ, ಸಂಪಗಾಂವ ಮಹಿಳಾ ಮಂಡಳದ ಸಮಸ್ತ ತಾಯಂದಿರೇ, ಹಿಂದಿನ ಸಾಲಿನಲ್ಲಿ ಗೋಡೆಗೆ ಆತು ಕುಳಿತ ಗಂಡಸರೇ, ಸಭಿಕರೇ,

ಹಾಡು ಉಳಿಸಿದವನೆಂದು ನನಗೆ ಈ ಶಾಲು ಹೊದಿಸಿದ್ದೀರಿ. ಶಾಲು ಚೆನ್ನಾಗಿದೆ. ಬೇಡವೆನ್ನುವ ದೊಡ್ಡಗುಣ ನನ್ನಲ್ಲಿಲ್ಲ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಹಾಗೆಯೇ ಎದ್ದು ಬಂದವನು ನಾನು. ಆದರೆ ಕಿತ್ತೂರಿನಿಂದ ಕಟಕೋಳದವರೆಗೆ ಯಾವ ಮದುವೆಯಲ್ಲಿ ಈ ಶಟ್ಟೆಪ್ಪನ ಮೈಕು ಕೂಗಿಲ್ಲ? ಯಾವ ಊರಿನ ಬೇವಿನ ಮರದ ಮೇಲೆ ನನ್ನ ಮೈಕಿನ ತುತ್ತೂರಿ, ಆ ಕರ್ಣ, ಕಟ್ಟಿಲ್ಲ? ನಮ್ಮೂರಲ್ಲಿ ನನ್ನ ಕರ್ಣ ಕೂಗಿದರೆ ಮುಂದಿನ ಊರಿನ ಎಮ್ಮೆ ಹಾಲು ಇಳಿಸುತ್ತದೆಂದು ಜನ ಹೇಳುತ್ತಾರೆ. ಹಾಗೆ ಹೇಳುವವರಲ್ಲಿ ನಾನೇ ಮೊದಲಿಗ, ಅದು ಬೇರೆ ಮಾತು.

ಈ ಭಾಗಕ್ಕೆ ಎರಡು ಚಕ್ರದ ಟೇಪ್ ರೆಕಾರ್ಡರ್ ತಂದವನೂ ನಾನೇ. ಬೆಳಗಾವಿಯಿಂದ ಬಸ್ಸಿನಲ್ಲಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ತಂದೆ. ಕಂಡಕ್ಟರ್ ಅದಕ್ಕೂ ಅರ್ಧ ಟಿಕೀಟು ಹರಿದ. ಅದರೊಳಗೆ ನಾನು ಮೊದಲು ತುಂಬಿದ್ದು ಯಾವ ದೊಡ್ಡ ಗವಾಯಿಯ ದನಿಯನ್ನೂ ಅಲ್ಲ, ನನ್ನ ತಂಗಿ ಸುಂದರವ್ವನ ದನಿಯನ್ನು. ಪಂಚಮಿಗೆ ತವರಿಗೆ ಬಂದಿದ್ದಳು. ಬೀಸುವ ಹಾಡು, ಸುರಗಿಯ ಹಾಡು, ತೊಟ್ಟಿಲ ಹಾಡು ಎಲ್ಲವನ್ನೂ ಹಾಡಿದಳು. ಹಾಡಿ ಮುಗಿಸಿ ಯಂತ್ರವನ್ನು ಸಂಶಯದಿಂದ ನೋಡಿ, "ಅಣ್ಣಾ, ಈ ಪೆಟ್ಟಿಗಿ ನನ್ನ ದನೀನ ನುಂಗಿಬಿಟ್ರ ನನಗೇನ ಉಳೀತೈತಿ?" ಎಂದಳು. "ಹುಚ್ಚಿ, ನುಂಗೂದಿಲ್ಲವಾ, ಬೇಕಂದಾಗ ತಿರುಗಿ ಕೊಡತೈತಿ" ಎಂದು ನಕ್ಕೆ.

ಮುಂದೆ ಅವಳ ಗಂಟಲಿಗೆ ಬೇನೆ ಬಂತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವಳು ಮಾತಾಡಿದರೆ ಜೋಳದ ಎಲೆಗೆ ಎಲೆ ತಾಕಿದ ಹಾಗೆ, ಅಷ್ಟೇ. ಅವಳ ಹಾಡು ಈ ಭೂಮಿಯ ಮೇಲೆ ಇದ್ದದ್ದು ಒಂದೇ ಕಡೆ, ನನ್ನ ಮನೆಯ ನಾಗಂದಿಗೆಯ ಮೇಲಿನ ಒಂದು ಡಬ್ಬಿಯಲ್ಲಿ. ದಿನಾಲೂ ಸಂಜೆ ಯಂತ್ರ ಸರಿಯಿದೆಯೋ ಇಲ್ಲವೋ ನೋಡಲೆಂದು ಅದರ ಒಂದು ಹಾಡು ಹಚ್ಚುತ್ತಿದ್ದೆ. ಯಂತ್ರ ಯಾವತ್ತೂ ಸರಿಯೇ ಇರುತ್ತಿತ್ತು. ಆದರೂ ನೋಡಬೇಕಲ್ಲವೇ?

ಕಳೆದ ಮಾಗಿಯಲ್ಲಿ ಬಾಗಲಕೋಟೆ ಕಡೆಯ ಮದುವೆಗಳಿಗೆಂದು ನಾನು ರಾಮದುರ್ಗದಲ್ಲಿ ಬಿಡಾರ ಹೂಡಿದ್ದೆ. ಊರಿಗೆ ಬಂದ ದಿನವೇ ಸುಂದರವ್ವ ಮುರಗೋಡದಿಂದ ಬಂದಳು. ಮಗಳು ಪದ್ಮವ್ವನ ಮದುವೆ ಗೊತ್ತಾಗಿತ್ತು. ಸುರಗಿ ಎಂದರೇನೆಂದು ತಾಯಂದಿರಿಗೆ ಹೇಳಬೇಕಿಲ್ಲ. ಪ್ರೊಫೆಸರರು ಮೈಸೂರು ಕಡೆಯವರು, ಅವರಿಗಾಗಿ ಹೇಳುತ್ತೇನೆ: ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ನಡುವೆ ಮದುಮಗಳನ್ನು ಕೂರಿಸಿ, ತಂಬಿಗೆಗಳ ಸುತ್ತ ನೂಲು ಸುತ್ತಿ ನೀರೆರೆಯುವುದು. ನಮ್ಮಲ್ಲಿ ಹಾಡನ್ನು ಹಡೆದವಳೇ ಎತ್ತಿಕೊಡಬೇಕು.

"ಮಗಳ ಸುರಗಿಗೆ ನನ್ನ ದನೀನ ಬೇಕಣ್ಣಾ. ಮಂದಿ ದನಿ ಒಲ್ಲೆ," ಎಂದಳು. ಹಾಗೆಂದವಳು ಚಹಾ ಕುಡಿಯುತ್ತ ಮತ್ತೊಂದು ಮಾತು ಹೇಳಿದಳು. "ಈ ಸಲ ಹಕ್ಕಿ ಓಡಸಾಕ ನಿಮ್ಮ ಮನಿಯಿಂದ ತಂದ ಕರೇ ಪಟ್ಟಿ ಭಾಳ ಚೊಲೊ ಐತಿ. ಹ್ವಾದ ವರ್ಷದ್ದು ಬರೇ ಪಟಪಟ ಅಂತಿತ್ತು. ಇದು ಗುನುಗತೈತಿ. ಬುತ್ತಿ ಕೊಡಾಕ ಹೋದಾಕಿ ಅಲ್ಲೇ ಕುಂತಬಿಡತೇನಿ."

ನನ್ನ ಕೈಯೊಳಗಿನ ಚಹಾದ ಬಸಿ ಕೆಳಗಿಟ್ಟೆ. ಹಿಂದಿನ ವರ್ಷ ಕೆಟ್ಟುಹೋದ ಒಂದು ಟೇಪನ್ನು ನಾನೇ ಅವಳ ಗಂಡ ರಾಯಪ್ಪನಿಗೆ ಕೊಟ್ಟಿದ್ದೆ. ಗಾಳಿಗೆ ಮಿರುಗುವ ಪಟ್ಟಿಗೆ ಬೆದರಿ ಹಕ್ಕಿ ತೆನೆಗೆ ಬರುವುದಿಲ್ಲವೆಂದು ಊರೆಲ್ಲ ಸಾರಿದವನೂ ನಾನೇ. ಈ ವರ್ಷ ನಾನಿಲ್ಲದಾಗ ರಾಯಪ್ಪ ಮತ್ತೆ ಬಂದಿದ್ದ. ನನ್ನ ಹೆಂಡತಿ ಕೆಂಪವ್ವ, "ಕರೇ ಪಟ್ಟಿ ಅಲ್ಲೇನು? ಒಯ್ರಿ ಅತ್ಲಾಗ, ನಾಗಂದಗಿ ಹಗರ ಆಗತೈತಿ," ಎಂದು ಕೊಟ್ಟುಬಿಟ್ಟಿದ್ದಳು. ಎದ್ದು ಡಬ್ಬಿ ತೆರೆದೆ. ಡಬ್ಬಿಯೊಳಗೆ ಒಂದು ಸತ್ತ ಜಿರಳೆ ಇತ್ತು.

ಸಭಿಕರೇ, ಮುರಗೋಡದ ಆ ಹೊಲವನ್ನು ನೀವು ನೋಡಬೇಕಿತ್ತು. ಸಂಜೆಯ ಬಿಸಿಲು. ಹಾಲುಗಾಳಿನ ಬಿಳಿಜೋಳ ಎದೆಯೆತ್ತರ ನಿಂತಿತ್ತು. ರಾಯಪ್ಪ ನಾಲ್ಕು ಮೂಲೆಗೆ ನಾಲ್ಕು ಗೂಟ ನೆಟ್ಟು, ಸುರಗಿ ಸುತ್ತಿದ ಹಾಗೆಯೇ ಸುತ್ತು ಮೇಲೆ ಸುತ್ತು ಪಟ್ಟಿ ಸುತ್ತಿದ್ದ. ಅವನಿಗೆ ಗೊತ್ತಿದ್ದ ಸುತ್ತುವ ರೀತಿ ಅದೊಂದೇ. ಗಾಳಿ ಬಂದಾಗ ಹೊಲವೆಲ್ಲ ಒಮ್ಮೆ ಮಿಂಚಿ, ಎಲ್ಲೋ ದೂರದ ಮನೆಯಲ್ಲಿ ಯಾರೋ ಬೀಸುಕಲ್ಲಿಗೆ ಕುಳಿತ ಹಾಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಗಾಳಿಗೆ ಯಾವ ಪಟ್ಟಿ ಕಟ್ಟಿದರೂ ಹಾಗೆ ಸಪ್ಪಳವಾಗುತ್ತದೆ ಎಂದು ಪ್ರೊಫೆಸರರು ಹೇಳಬಹುದು. ನಾನು ವಾದಿಸುವುದಿಲ್ಲ.

ರಾಯಪ್ಪ ಅಟ್ಟದ ಮೇಲೆ ಕುಳಿತಿದ್ದ. ಕೈಯಲ್ಲಿ ಕವಣೆ ಇರಲಿಲ್ಲ.

"ಏನೋ, ಹಕ್ಕಿ ಹೊಡಿಯೂದು ಬಿಟ್ಟು ಏನ ಮಾಡಾಕ ಹತ್ತಿ?"

"ಸುಮ್ನ ಕುಂತೇನ್ರಿ, ಮಾವಾರ. ಇಲ್ಲಿ ಕುಂತ್ರ ನಸುಕಿನ್ಯಾಗ ಹಾಸಗಿ ಮ್ಯಾಲ ಇದ್ದಂಗ ಅನಸತೈತ್ರಿ."

ಆ ಪಟ್ಟಿಯಲ್ಲಿರುವುದು ಯಾರ ದನಿಯೆಂದು ಹೇಳಿದೆ. ಅವನು ಕೆಳಗಿಳಿದು ಬಂದ. ಪಟ್ಟಿಯನ್ನು ಮುಟ್ಟುವ ಮೊದಲು ಚಪ್ಪಲಿ ಬಿಟ್ಟ.

ಮರುದಿನ ಇಬ್ಬನಿ ಆರಿದ ಮೇಲೆ ಸುತ್ತು ಬಿಚ್ಚತೊಡಗಿದೆವು. ರಾಯಪ್ಪ ಎರಡೂ ಕೈಯಿಂದ ಪಟ್ಟಿಯನ್ನು ತೆನೆಗಳ ಮೇಲಿಂದ ಎತ್ತಿಕೊಡುತ್ತಿದ್ದ. ಸುಂದರವ್ವ ಅದನ್ನು ತನ್ನ ಸೆರಗಿನೊಳಗೆ ಹಾಯಿಸಿ ಧೂಳು ಒರೆಸುತ್ತಿದ್ದಳು. ನಾನು ಚಕ್ರಕ್ಕೆ ಸುತ್ತುತ್ತಿದ್ದೆ. ತನ್ನ ದನಿ ತನ್ನ ಬೆರಳ ನಡುವೆ ಹಾಯುತ್ತಿದ್ದರೆ ಯಾರಿಗೆ ಏನೆನಿಸುತ್ತದೆ? ನಾನು ಕೇಳಲಿಲ್ಲ. ಅವಳ ತುಟಿ ಅಲುಗುತ್ತಿತ್ತು.

ಹರಿದ ಕಡೆ ಓರೆಯಾಗಿ ಕತ್ತರಿಸಿ ಅಂಟಿಸಿದೆ. ಇಂಥ ಬೆಸುಗೆ ಮುಂಬಯಿಯಲ್ಲೂ ಯಾರೂ ಹಾಕಲಾರರು. ಮೊದಲ ಸಲ ತುಂಡುಗಳು ಅದಲುಬದಲಾಗಿ, ತೊಟ್ಟಿಲ ಹಾಡು ಮುಗಿದ ಮೇಲೆ ಮದುವೆಯ ಹಾಡು ಬಂತು. "ನಿಮ್ಮ ಮಸೀನಿನ್ಯಾಗ ಮದವಿಗಿಂತ ಮೊದಲ ಕೂಸು ಹುಟ್ಟೇತಿ, ಯಾರ ಮುಂದೂ ಹಚ್ಚಬ್ಯಾಡ್ರಿ!" ಎಂದಳು ಕೆಂಪವ್ವ. ಅದನ್ನೂ ಸರಿಮಾಡಿದೆ.

ಆದರೆ ಒಂದು ಮಾರು ಪಟ್ಟಿ ಇರಲಿಲ್ಲ. ಹರಿದ ಎರಡು ತುದಿಗಳ ನಡುವೆ ಬರೀ ಗಾಳಿ. ಬಾವಿಯ ಮೇಲಿನ ಬೇವಿನ ಮರದಲ್ಲಿ ಅಳಿಲಿನ ಗೂಡಿತ್ತು, ಅದರಿಂದ ಕಪ್ಪು ಎಳೆಗಳು ಇಣುಕುತ್ತಿದ್ದವು. ರಾಯಪ್ಪ ಮರ ಹತ್ತಿದ, ನೋಡಿದ, ಬರಿಗೈಯಲ್ಲಿ ಇಳಿದ.

"ಮರಿ ಮಲಗ್ಯಾವ್ರಿ, ಮಾವಾರ. ಇರ್ಲಿ ಬಿಡ್ರಿ."

ಹೋದದ್ದು ಸುರಗಿಯ ಹಾಡಿನದೇ ತುಂಡು. ತುದಿಗೆ ತುದಿ ಅಂಟಿಸಿದರೆ ಹಾಡು ಕುಂಟುತ್ತಿತ್ತು. ಅದಕ್ಕೆ ಅಲ್ಲಿ ಒಂದು ಮಾರು ಖಾಲಿ ಪಟ್ಟಿ ಸೇರಿಸಿದೆ.

ಮದುವೆಯ ದಿನ ಬಂತು. ಕರೆಂಟೂ ನನ್ನ ಮರ್ಯಾದೆ ಉಳಿಸಿತು. ನಾಲ್ಕು ತಂಬಿಗೆಗಳ ನಡುವೆ ಪದ್ಮವ್ವ ಕುಳಿತಳು. ಮುತ್ತೈದೆಯರು ನೂಲು ಹಿಡಿದರು. ಗಂಡಸರು ಬಾಗಿಲ ಹೊರಗೆ. ನಾನು ಗುಂಡಿ ಒತ್ತಿದೆ. ದನಿ ಕಳೆದುಕೊಂಡವಳು ಮಗಳ ಪಕ್ಕದಲ್ಲಿ ಕುಳಿತಿರುವಾಗಲೇ ಅವಳ ಹಳೆಯ ದನಿ ಅಂಗಳವನ್ನೆಲ್ಲ ತುಂಬಿತು.

"ನಾಕು ಮೂಲ್ಯಾಗ ತಂಬಗಿ, ನಡುವ ಕುಂತಾಳ ಮಗಳು…"

ಅಲ್ಲಿಗೆ ನಿಂತಿತು. ಚಕ್ರ ತಿರುಗುತ್ತಿತ್ತು, ದನಿ ಇರಲಿಲ್ಲ. ನೂಲು ಹಿಡಿದ ಕೈಗಳು ನಿಂತವು. ಸುಂದರವ್ವ ಬಾಯಿ ತೆರೆದಳು, ಬರೀ ಉಸಿರು ಬಂತು. ಆಗ ಬಾಗಿಲ ಹಿಂದಿನಿಂದ ಒಂದು ದನಿ ಎದ್ದಿತು. ಶ್ರುತಿ ಇಲ್ಲ, ಎತ್ತುಗಳಿಗೆ ಕೂಗಿ ಕೂಗಿ ಒರಟಾದ ದನಿ.

"ಹೊರಗ ನಿಂತಾನ ಹಡದಪ್ಪ, ಬಾಗಿಲ
ಸಂದ್ಯಾಗ ಒಂದು ಕಣ್ಣಿಟ್ಟ…"

ರಾಯಪ್ಪ! ಹುಟ್ಟಿದಾರಭ್ಯ ಒಂದು ಭಜನೆಯನ್ನೂ ಹಾಡದ ರಾಯಪ್ಪ. ಹೆಂಗಸರು ಮೊದಲು ಕಿಸಕ್ಕೆಂದರು, ಆಮೇಲೆ ನಗಲಿಲ್ಲ. ಅವನು ಮುಗಿಸುವುದನ್ನೇ ಕಾಯುತ್ತಿದ್ದವಳಂತೆ ಟೇಪಿನೊಳಗಿನ ಸುಂದರವ್ವ ಮುಂದಿನ ನುಡಿ ಎತ್ತಿಕೊಂಡಳು. ನೂಲು ಮತ್ತೆ ಸುತ್ತಲು ಹತ್ತಿತು.

ಊಟದ ಹೊತ್ತಿಗೆ ಅವಳು ಅವನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. "ನಸುಕಿನ್ಯಾಗ ನಾ ಬೀಸಕೋತ ಹಾಡೂ ಮುಂದ ಗೊರಕಿ ಹೊಡೀತಿದ್ರಿ. ಅದೆಲ್ಲಾ ಸೋಗೇನು?"

"ಎಚ್ಚರ ಆಗೇತಿ ಅಂತ ಗೊತ್ತಾದ್ರ ನೀ ಹಾಡೂದ ಬಿಡತಿದ್ದಿ."

ತಾಯಂದಿರೇ, ಬೀಜವನ್ನೆಲ್ಲ ಯಾರಾದರೂ ಒಂದೇ ಹಗೇವಿನಲ್ಲಿ ಇಡುತ್ತಾರೆಯೇ? ಹಾಡನ್ನೂ ಇಡಬೇಡಿ. ಕಮಲಾಬಾಯಿಯವರ ಮನೆಯ ಯಂತ್ರ ಬೇಡಿ ತಂದು, ಒಂದರಿಂದ ಇನ್ನೊಂದಕ್ಕೆ ಇಳಿಸಿ, ಕಿತ್ತೂರಿಗೊಂದು, ಸವದತ್ತಿಗೊಂದು, ರಾಮದುರ್ಗಕ್ಕೊಂದು ಪ್ರತಿ ಕಳಿಸಿದ್ದೇನೆ. ಟೇಪನ್ನು ಬಿಸಿಲಿಗೆ ಇಡಬೇಡಿ, ಕರ್ಣದ ಅಯಸ್ಕಾಂತದ ಹತ್ತಿರ ಇಡಬೇಡಿ. ಡಬ್ಬಿಯ ಮೇಲೆ ಹೆಸರು ಬರೆಯಿರಿ. ಬರೆಯಲು ಬಾರದಿದ್ದರೆ ಅರಿಶಿನ ಕುಂಕುಮ ಹಚ್ಚಿ, ಯಾರೂ ಹೊಲಕ್ಕೆ ಒಯ್ಯುವುದಿಲ್ಲ.

ಆ ಖಾಲಿ ಮಾರನ್ನು ಮಾತ್ರ ಯಾವ ಪ್ರತಿಯಲ್ಲೂ ನಾನು ತುಂಬಿಲ್ಲ. ತುಂಬುವುದೂ ಇಲ್ಲ. ಅದರ ಹಾಡು ಇರುವ ಜಾಗ ಬೇರೆ ಇದೆ. ಆ ಜಾಗ ಈಗ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದೆ. ರಾಯಪ್ಪಾ, ಬಾಗಿಲ ಕಡೆ ನೋಡಬೇಡ, ನಿನ್ನ ಚಪ್ಪಲಿ ಸುಂದರವ್ವನ ಹತ್ತಿರ ಇವೆ.

ಇನ್ನು ನಾನು ಟೇಪು ಹಚ್ಚುತ್ತೇನೆ. ದನಿ ನಿಂತಾಗ ಯಂತ್ರ ಕೆಟ್ಟಿತೆಂದು ಯಾರೂ ಕೂಗಬೇಡಿ. ಒಂದು ಮಾರು ಹೊತ್ತು ನಾವೆಲ್ಲ ಬಾಯಿ ಮುಚ್ಚಿಕೊಂಡಿರೋಣ. ನಾನೂ ಮುಚ್ಚಿಕೊಂಡಿರುತ್ತೇನೆ, ಕೆಂಪವ್ವ ನಂಬುವುದಿಲ್ಲ.

ಶಾಲಿಗೆ, ಚಹಾಕ್ಕೆ, ಇಷ್ಟು ಹೊತ್ತು ತೋರಿದ ಸಹನೆಗೆ ಮಂಡಳಕ್ಕೆ ನನ್ನ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.