ವ್ಯಾನಿನೊಳಗಿನ ವಾಷಿಂಗ್ ಮಷೀನು

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ, ತಮ್ಮ ನಿಂತಿದ್ದರು. ಅಕ್ಕನ ಕೈಯಲ್ಲಿ ಪೈಪ್ ಕ್ಲಿಪ್ಪುಗಳು. ತಮ್ಮನ ಪ್ಯಾಂಟು ಮೊಣಕಾಲಿನವರೆಗೆ ಒದ್ದೆ.

"ಊರೂರು ಸುತ್ತೋ ವ್ಯಾನಿಗೆ ವಾಷಿಂಗ್ ಮಷೀನೂ ಬೇಕು ಅಂದೆ ನೀನು. ತಂದು ಕೂರಿಸ್ದೆ. ನೀರೇ ತುಂಬ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?" ಎಂದ ತಮ್ಮ.

"ನೀರು ಹೊರಗೆ ಹೋಗೋ ಪೈಪನ್ನ ನೆಲದ ಮೇಲೆ ಮಲಗಿಸಿಟ್ರೆ ಎಲ್ಲಿ ತುಂಬುತ್ತೋ? ತೂತಿನ ಕೊಡಕ್ಕೆ ನೀರು ಹೊಯ್ದ ಹಾಗೆ, ಬಂದಿದ್ದೆಲ್ಲ ವ್ಯಾನಿನ ಕೆಳಗಿರೋ ಕೊಳೆನೀರಿನ ಟ್ಯಾಂಕಿಗೆ ಹೋಯ್ತು."

"ನೀನು ಪೈಪ್ ಎತ್ತಿ ಹಿಡಿದ್ಯಲ್ಲಕ್ಕಾ, ಆಗ ತುಂಬ್ತು ನೋಡು!"

"ತುಂಬಿದ್ದಷ್ಟೇನಾ? ತಿರುಗ್ತು ಕಣೋ! ಇಡೀ ವ್ಯಾನೇ ಕುಣೀತು! ಕ್ಲಿಪ್ ಹಾಕಿ ಪೈಪನ್ನ ಮಷೀನಿನ ಎತ್ತರಕ್ಕೆ ಕಟ್ಟಿಬಿಟ್ರೆ ಮುಗೀತು."

"ಒಗೆಯೋ ಮಷೀನಿಲ್ದೆ ಹೊಸ್ತಿಲು ದಾಟಲ್ಲ ಅಂತಿದ್ಲು ಅಮ್ಮ. ಈಗ ಯಾವ ನೆಪ ಹೇಳ್ತಾಳೆ ನೋಡೋಣ!"

"ಫೋನ್ ಮಾಡಿ ಹೇಳಿದೀನಿ. ಆಗ್ಲೇ ಬ್ಯಾಗಿಗೆ ಬಟ್ಟೆ ತುಂಬಿಕೊಳ್ತಿದಾಳೆ."

ತಮ್ಮ ತಲೆ ಕೆರೆದುಕೊಂಡ.

"ಅಕ್ಕಾ, ಮಷೀನು ಕೂರಿಸಿರೋದು ವ್ಯಾನಲ್ಲಿ ಅಮ್ಮನ ಮಂಚಕ್ಕೆ ಅಂತ ಬಿಟ್ಟಿದ್ದ ಜಾಗದಲ್ಲಿ."

ಅಕ್ಕ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅಳತೆ ತೆಗೆಯುವವಳ ಹಾಗೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನ ಮಂಚ ಇದೆಯಲ್ಲ."

"ನನ್ನದಾ? ಮತ್ತೆ ನಾನೆಲ್ಲಿ ಮಲಗ್ಲಿ?"

ಅಷ್ಟರಲ್ಲಿ ಅವರ ಸರದಿ ಬಂತು. ಅಕ್ಕ ಕ್ಲಿಪ್ಪುಗಳನ್ನು ಮೇಜಿನ ಮೇಲಿಟ್ಟು, ತಮ್ಮನ ರಟ್ಟೆ ಹಿಡಿದು ಮುಂದಕ್ಕೆಳೆದು ಅಂಗಡಿಯವನನ್ನು ಕೇಳಿದಳು:

"ಇವನು ಕಾಲು ಚಾಚಿ ಮಲಗೋ ಅಷ್ಟು ಉದ್ದದ ಟೆಂಟ್ ಇದೆಯಾ?"